ಅಚ್ಚು ತಪ್ಪಿದ ನೋಟು

ಅಚ್ಚಿನ ತಪ್ಪುಗಳೊಡನೆ ನನ್ನ ಹಗೆತನ ನಲವತ್ತು ವರ್ಷಗಳಷ್ಟು ಹಳೆಯದು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು, ಮಠದ ಪಾಠಶಾಲೆಯಲ್ಲಿಯೇ ಸಂಸ್ಕೃತ ಕನ್ನಡಗಳನ್ನು ಓದಿದವನು ನಾನು. ಅಲ್ಲಿಯ ಹಿರಿಯ ಪಂಡಿತರು ನನಗೆ ಒಪ್ಪಿಸಿದ ಮೊದಲ ಕಾಯಕವೆಂದರೆ ಮಠದ ಪ್ರಕಟಣೆಗಳ ಕರಡು ತಿದ್ದುವುದು. ‘ಶಿವ’ ಎಂಬಲ್ಲಿ ಒಂದು ಗುಡಿಸು ಬಿದ್ದುಹೋದರೆ ‘ಶವ’ವಾಗುತ್ತದೆ, ಆದುದರಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು ಎಂದು ಅವರು ಎಚ್ಚರಿಸುತ್ತಿದ್ದರು. ಮುಂದೆ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾದಾಗಲೂ, ನಿವೃತ್ತನಾಗಿ ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಮಗನ ಮನೆ ಸೇರಿದ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಪುಸ್ತಕದಲ್ಲಿ ತಪ್ಪು ಹೆಚ್ಚಿದಷ್ಟೂ ಅದರ ಬೆಲೆ ಇಳಿಯುತ್ತದೆ ಎಂಬುದೇ ನಾನು ಕಂಡ ನ್ಯಾಯ. ತಪ್ಪಿನಿಂದಲೇ ಬೆಲೆ ಏರುವ ಅಚ್ಚೂ ಒಂದುಂಟು ಎಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

2025ರ ಕಾರ್ತಿಕ ಮಾಸದ ಒಂದು ಸೋಮವಾರ. ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಯ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂರುವ ಹೂವಿನ ಅಮ್ಮನ ಬಳಿ ಬಿಲ್ವಪತ್ರೆ, ಸೇವಂತಿಗೆ ಕೊಂಡೆ. ಐವತ್ತು ರೂಪಾಯಿಯಾಯಿತು. ನೂರರ ನೋಟು ಕೊಟ್ಟೆ. ಆಕೆ ಸಂಚಿಯನ್ನು ತಡಕಾಡಿ, ನಾಲ್ಕು ಮಡಿಕೆಯಾಗಿದ್ದ ಐವತ್ತರ ನೋಟೊಂದನ್ನು ತೆಗೆದು ಸಂಕೋಚದಿಂದಲೇ ಮುಂದೆ ಹಿಡಿದಳು.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ನೋಟನ್ನ ಯಾರೂ ಈಸ್ಕೊಳ್ತಿಲ್ಲ. ಹಾಲಿನೋನು ಬೇಡ ಅಂದ, ಆಟೋದೋನು ಕಳ್ಳನೋಟು ಅಂತ ಬೈದ. ನೀವು ಬ್ಯಾಂಕಿಗೆ ಹೋಗೋರು, ಬದಲಾಯಿಸ್ಕೊಳ್ತೀರಾ?”

ಬಿಡಿಸಿ ನೋಡಿದೆ. ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥ. ಪಕ್ಕದಲ್ಲಿ ಹದಿನೈದು ಭಾಷೆಗಳ ಪಟ್ಟಿ, ಅದರಲ್ಲಿ ನಾಲ್ಕನೆಯ ಸಾಲು ನಮ್ಮ ಕನ್ನಡ. ಆದರೆ ಒಂದು ಮೂಲೆಯಲ್ಲಿ ಕಾಗದವು ಅಳತೆ ಮೀರಿ ತ್ರಿಕೋನದಂತೆ ಹೊರಚಾಚಿಕೊಂಡಿತ್ತು. ಮುಂಬದಿಯಲ್ಲಿ ಅದೇ ಮೂಲೆಯ ಚಿತ್ರ ಅರ್ಧಕ್ಕೆ ಕಡಿದು ಬಿಳಿಯಾಗಿತ್ತು. ಮುದ್ರಣಾಲಯದ ವಾಸನೆ ಬಲ್ಲ ನನಗೆ ಇದು ಕಳ್ಳನೋಟಲ್ಲ, ಅಚ್ಚಿನಲ್ಲಿ ಎಡವಿದ ನೋಟು ಎಂದು ಹೊಳೆಯಿತು. “ಆಗಲಿ ತಾಯಿ, ನಾನು ನೋಡಿಕೊಳ್ಳುತ್ತೇನೆ” ಎಂದು ಉಪಕಾರ ಮಾಡಿದವನ ಠೀವಿಯಿಂದ ಜೇಬಿಗೆ ಇಳಿಸಿದೆ.

ಮನೆಯಲ್ಲಿ ಮೊಮ್ಮಗ ಅದನ್ನು ನೋಡಿದ. ಒಂಬತ್ತನೆಯ ತರಗತಿಯ ಹುಡುಗ. ಮೊಬೈಲಿನಲ್ಲಿ ಹುಡುಕಿ, “ಅಜ್ಜ, ಇಂಥ ನೋಟು ಐದು ಲಕ್ಷಕ್ಕೆ ಹೋಗುತ್ತಂತೆ!” ಎಂದು ಕುಣಿದಾಡಿದ. ಮೊದಲು ನಕ್ಕೆ. ಬಳಿಕ ಜಾಹೀರಾತನ್ನು ನಾನೇ ಎರಡು ಬಾರಿ ಓದಿದೆ. ರಾತ್ರಿ ನಿದ್ರೆ ಬಾರದಾಯಿತು. ವಚನಗಳಲ್ಲಿ ಬರುವ ವೃತ್ತಿಪದಗಳ ಕೋಶವೊಂದನ್ನು ನಾನು ಹದಿನೆಂಟು ವರ್ಷಗಳಿಂದ ಸಿದ್ಧಪಡಿಸಿ ಇಟ್ಟಿದ್ದೇನೆ. ಪ್ರಕಾಶಕರು ದೊರೆಯದೆ ಅದು ಬೀರುವಿನಲ್ಲಿ ಬಟ್ಟೆಯ ಗಂಟಾಗಿ ಕುಳಿತಿದೆ. ಐದು ಲಕ್ಷ ಬಂದರೆ ಒಳ್ಳೆಯ ಕಾಗದ, ಗಟ್ಟಿ ರಟ್ಟು, ಸಾವಿರ ಪ್ರತಿ ಎಂದು ಲೆಕ್ಕ ಹಾಕಿದೆ. ಉಳಿದುದರಲ್ಲಿ ಮಠದ ದಾಸೋಹಕ್ಕೂ ಒಂದಿಷ್ಟು ಕೊಡಬಹುದೆಂದುಕೊಂಡು ಮನಸ್ಸಿಗೆ ಸಮಾಧಾನವನ್ನೂ ತಂದುಕೊಂಡೆ. ಆ ಇಡೀ ರಾತ್ರಿಯ ಲೆಕ್ಕದಲ್ಲಿ ಹೂವಿನ ಅಮ್ಮ ಒಮ್ಮೆಯೂ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು.

ಮರುದಿನ ಜಾಹೀರಾತಿನ ಸಂಖ್ಯೆಗೆ ಕರೆ ಮಾಡಿದೆವು. ಆ ಕಡೆಯವನ ಮಾತು ಬೆಣ್ಣೆಯಂತಿತ್ತು. ನೋಟಿನ ಚಿತ್ರ ಕಳುಹಿಸಿದ ಹತ್ತು ನಿಮಿಷದಲ್ಲಿ “ನಾಲ್ಕೂವರೆ ಲಕ್ಷಕ್ಕೆ ಖಾತ್ರಿ” ಎಂದ. ನೋಂದಣಿಗೆಂದು 1,250 ರೂಪಾಯಿ ಕೇಳಿದ. ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಪತ್ರವೊಂದನ್ನೂ ಕಳುಹಿಸಿದ. ಆ ಪತ್ರದಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದವು. ನಲವತ್ತು ವರ್ಷ ಕರಡು ತಿದ್ದಿದ ಕಣ್ಣಿಗೆ ಅವು ಕಂಡವು, ಆದರೆ ಆಸೆ ಅವುಗಳನ್ನು ಓದಗೊಡಲಿಲ್ಲ. ಹಣ ಕಳುಹಿಸಿದೆ. ಸಂಜೆಗೆ ಇನ್ನೊಂದು ಪತ್ರ ಬಂದಿತು: ತೆರಿಗೆಗಾಗಿ 12,500 ರೂಪಾಯಿ ಮೊದಲು ಕಟ್ಟಬೇಕು, ಅದನ್ನು ನೋಟಿನ ಹಣದೊಡನೆ ಹಿಂದಿರುಗಿಸಲಾಗುವುದು.

ಪಿಂಚಣಿಯ ಪಾಸ್‌ಬುಕ್ಕನ್ನು ಹುಡುಕುತ್ತಿದ್ದಾಗ ನನ್ನಾಕೆ ಕೇಳಿದಳು: “ನಮ್ಮ ವಸ್ತುವನ್ನು ಕೊಳ್ಳುವವರು ನಮಗೆ ಹಣ ಕೊಡಬೇಕೋ, ನಾವು ಅವರಿಗೆ ಕೊಡಬೇಕೋ?”

ಅಷ್ಟು ಸಾಕಾಯಿತು. ಮಗನಿಗೆ ವಿಷಯ ತಿಳಿಸಿದೆ. ಅವನು ಆ ರಾತ್ರಿಯೇ ಸೈಬರ್ ವಂಚನೆಯ 1930 ಸಹಾಯವಾಣಿಗೆ ದೂರು ಕೊಡಿಸಿದ. 1,250 ರೂಪಾಯಿ ಹೋದದ್ದು ಹೋಯಿತು. ಆಮೇಲೆ ತಿಳಿದ ಸಂಗತಿ ಇದು: ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಈ ಬಗೆಗೆ ಸಾರ್ವಜನಿಕರನ್ನು ಎಚ್ಚರಿಸಿತ್ತು. ಹಳೆಯ ನೋಟು ನಾಣ್ಯಗಳ ವ್ಯಾಪಾರದಲ್ಲಿ ತಾನು ತೊಡಗಿಲ್ಲ, ಶುಲ್ಕವನ್ನಾಗಲಿ ದಲ್ಲಾಳಿಯನ್ನಾಗಲಿ ಎಂದೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಅವನ್ನು ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಸಾರಿತ್ತು. ಅದೇ ವರ್ಷ ನಮ್ಮ ನಗರದ ಶಿಕ್ಷಕಿಯೊಬ್ಬರು 1947ರ ನಾಣ್ಯವನ್ನು ಮಾರಲು ಹೋಗಿ, ತೆರಿಗೆಯ ಹೆಸರಿನಲ್ಲಿ ಒಂದು ಲಕ್ಷದಷ್ಟು ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆಗ ಅದನ್ನು ಓದಿ, “ಓದಿದವರೂ ಹೀಗೆ ಮೋಸ ಹೋಗುತ್ತಾರಲ್ಲ!” ಎಂದು ಟೀಕೆ ಮಾಡಿದವನೂ ನಾನೇ.

ಹಣ ಕಳೆದುಕೊಂಡ ಮೇಲೆ ಹುಟ್ಟಿದ್ದು ಕುತೂಹಲ. ನೋಟು ಅಚ್ಚಾಗುವುದು ಹೇಗೆ, ತಪ್ಪಾದದ್ದು ಹೊರಗೆ ಬರುವುದು ಹೇಗೆ ಎಂದು ವಿಚಾರಿಸತೊಡಗಿದೆ. ಇಲ್ಲೊಂದು ಅಚ್ಚರಿ ಕಾದಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ಬಿಟಿಎಂ ಆಯಿತೆಂಬುದನ್ನು ಎಲ್ಲರೂ ಬಲ್ಲರು. ಆದರೆ ದೇಶದ ನೋಟುಗಳ ಬಹುಭಾಗವನ್ನು ಅಚ್ಚು ಹಾಕುವ ಸಂಸ್ಥೆಯ ಪ್ರಧಾನ ಕಚೇರಿ ಇದೇ ಬಡಾವಣೆಯ ಮೊದಲ ಹಂತದಲ್ಲಿ, ಬನ್ನೇರುಘಟ್ಟ ರಸ್ತೆಯ ಕಡೆಗಿದೆ ಎಂಬುದು ನನಗೆ ತಿಳಿದಿರಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಎಂಬ ಆ ಸಂಸ್ಥೆ ರಿಸರ್ವ್ ಬ್ಯಾಂಕಿನ ಅಧೀನದಲ್ಲಿ 1995ರಲ್ಲಿ ಸ್ಥಾಪನೆಯಾಯಿತು. ಅದರ ಮುದ್ರಣಾಲಯಗಳು ಎರಡು. ಒಂದು ನಮ್ಮ ಮೈಸೂರಿನಲ್ಲಿ. ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ. ಇವಲ್ಲದೆ ಕೇಂದ್ರ ಸರ್ಕಾರಕ್ಕೆ ಸೇರಿದ ನಾಸಿಕ್ ಮತ್ತು ದೇವಾಸ್ ಮುದ್ರಣಾಲಯಗಳಿವೆ. ಬಿಟಿಎಂನಲ್ಲಿರುವುದು ಆಡಳಿತ ಕಚೇರಿ ಮಾತ್ರ. ಅಲ್ಲಿ ನೋಟು ಅಚ್ಚಾಗುವುದೂ ಇಲ್ಲ, ತಪ್ಪು ನೋಟನ್ನು ಕೊಳ್ಳುವುದೂ ಇಲ್ಲ.

ನೋಟುಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಮೇಲೆ ಅನೇಕ ನೋಟುಗಳು ಸಾಲಾಗಿ ಅಚ್ಚಾಗುತ್ತವೆ. ಹಿನ್ನೆಲೆಯ ಬಣ್ಣ, ಚಿತ್ರ, ಸಂಖ್ಯೆ ಇವೆಲ್ಲ ಬೇರೆ ಬೇರೆ ಹಂತಗಳಲ್ಲಿ ಬೀಳುತ್ತವೆ. ಕೊನೆಗೆ ಹಾಳೆಯನ್ನು ಕತ್ತರಿಸುತ್ತಾರೆ. ಹಾಳೆಯ ಮೂಲೆಯೊಂದು ಯಂತ್ರದಲ್ಲಿ ಮಡಚಿಕೊಂಡರೆ ಆ ಭಾಗಕ್ಕೆ ಶಾಯಿ ತಾಗುವುದಿಲ್ಲ. ಮಡಚಿಕೊಂಡಂತೆಯೇ ಕತ್ತರಿಗೆ ಹೋದರೆ ಆ ಮೂಲೆ ಅಲಗಿಗೂ ಸಿಕ್ಕುವುದಿಲ್ಲ. ಬಿಡಿಸಿದಾಗ ಅಳತೆ ಮೀರಿದ ಕಾಗದವೂ ಖಾಲಿ ಜಾಗವೂ ಒಟ್ಟಿಗೆ ಕಾಣುತ್ತವೆ. 66 ಮಿಲಿಮೀಟರ್ ಅಗಲ, 135 ಮಿಲಿಮೀಟರ್ ಉದ್ದವಿರಬೇಕಾದ ನಮ್ಮ ಐವತ್ತರ ನೋಟಿಗೆ ಆದದ್ದು ಇದೇ. ಹೀಗೆಯೇ ಸಂಖ್ಯೆ ಬೀಳದ ನೋಟು, ಎರಡು ಕಡೆ ಎರಡು ಸಂಖ್ಯೆ ಬಿದ್ದ ನೋಟು, ಹಸಿಶಾಯಿ ತಾಗಿ ಒಂದು ಬದಿಯ ಚಿತ್ರ ಇನ್ನೊಂದು ಬದಿಯಲ್ಲಿ ತಿರುಗುಮುರುಗಾಗಿ ಮೂಡಿದ ನೋಟು, ಹೀಗೆ ತಪ್ಪುಗಳಲ್ಲಿ ಹಲವು ಬಗೆ.

ಇಂಥವನ್ನು ಮುದ್ರಣಾಲಯದಲ್ಲಿಯೇ ಆರಿಸಿ ತೆಗೆಯುತ್ತಾರೆ. ತೆಗೆದ ನೋಟಿನ ಜಾಗಕ್ಕೆ ಸಂಖ್ಯೆಯ ನಡುವೆ ನಕ್ಷತ್ರದ ಗುರುತಿರುವ ಬದಲಿ ನೋಟನ್ನು ಸೇರಿಸಿ ನೂರರ ಕಟ್ಟನ್ನು ಪೂರ್ಣಗೊಳಿಸುತ್ತಾರೆ. 10, 20, 50 ರೂಪಾಯಿಗಳ ನೋಟುಗಳಲ್ಲಿ ಈ ಪದ್ಧತಿ 2006ರಲ್ಲಿ ಆರಂಭವಾಯಿತು. ನಕ್ಷತ್ರದ ನೋಟು ಖೋಟಾ ಎಂಬ ಗುಲ್ಲು ಹಬ್ಬಿದಾಗ, ಅದೂ ಎಲ್ಲ ನೋಟುಗಳಂತೆ ಸಾಚಾ ನೋಟೇ ಎಂದು ರಿಸರ್ವ್ ಬ್ಯಾಂಕು 2023ರ ಜುಲೈಯಲ್ಲಿ ತಿಳಿಸಬೇಕಾಯಿತು.

ಎಷ್ಟು ಎಚ್ಚರ ವಹಿಸಿದರೂ ಕೆಲವು ತಪ್ಪಿಸಿಕೊಳ್ಳುತ್ತವೆ. 2016ರ ನವೆಂಬರಿನ ನೋಟು ರದ್ದತಿಯ ಬಳಿಕ ಅವಸರದಲ್ಲಿ ಅಚ್ಚಾದ ಹೊಸ 500ರ ಕೆಲವು ನೋಟುಗಳಲ್ಲಿ ಗಾಂಧೀಜಿಯವರ ಮುಖಕ್ಕೆ ಎರಡು ನೆರಳು ಬಿದ್ದಿದ್ದವು. 2017ರ ಜನವರಿಯಲ್ಲಿ ಮಧ್ಯಪ್ರದೇಶದ ಶಿಯೋಪುರ ಜಿಲ್ಲೆಯ ರೈತರಿಗೆ ಬ್ಯಾಂಕಿನಿಂದಲೇ ಗಾಂಧೀಜಿಯವರ ಚಿತ್ರವಿಲ್ಲದ 2,000ದ ನೋಟುಗಳು ಬಂದಿದ್ದವು. ಅವರು ಖೋಟಾ ಎಂದು ಗಾಬರಿಪಟ್ಟರು. ಬ್ಯಾಂಕಿನವರು ಇದು ಮುದ್ರಣದ ದೋಷವೆಂದು ಒಪ್ಪಿ ಬದಲಾಯಿಸಿಕೊಟ್ಟರು. ಬ್ಯಾಂಕಿಗೆ ಒಯ್ದರೆ ಐವತ್ತಕ್ಕೆ ಐವತ್ತು ದೊರೆಯುತ್ತದೆ. ಅದಕ್ಕಿಂತ ಹೆಚ್ಚಿನ ಬೆಲೆ ಕೊಡುವವರು ಸಂಗ್ರಾಹಕರು ಮಾತ್ರ.

ಸಂಗ್ರಾಹಕರ ಲೋಕವನ್ನು ಕಾಣಲು ಮೊಮ್ಮಗನೊಡನೆ ಬ್ರಂಟನ್ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಹೋದೆ. ಬೆಂಗಳೂರಿನ ಉದ್ಯಮಿ ರಿಜ್ವಾನ್ ರಜಾಕ್ ಅವರು ತಮ್ಮ ಸಂಗ್ರಹವನ್ನೆಲ್ಲ ಇರಿಸಿ 2020ರಲ್ಲಿ ತೆರೆದ, ಭಾರತದ ಕಾಗದದ ಹಣಕ್ಕೇ ಮೀಸಲಾದ ಸಂಗ್ರಹಾಲಯವದು. ಕಿಶೋರ್ ಝುಂಝುನ್‌ವಾಲಾ ಅವರೊಡನೆ ಅವರು ರಚಿಸಿ 2012ರಲ್ಲಿ ಹೊರತಂದ ದೊಡ್ಡ ಗ್ರಂಥವು ಈ ವಿಷಯಕ್ಕೆ ಆಕರವಾಗಿದೆ. ಅವರಿಗೆ ಈ ಗೀಳು ಹತ್ತಿದ ಬಗೆ ಕೇಳತಕ್ಕದ್ದು. ಅಜ್ಜನ ತಿಜೋರಿಯಲ್ಲಿ ಅವರಿಗೆ ನೋಟುಗಳ ಒಂದು ಕಟ್ಟು ಸಿಕ್ಕಿತಂತೆ. ಅವುಗಳ ಮೇಲೆ ‘ಪಾಕಿಸ್ತಾನದ ನೋಟು, ಹಣ ಕೊಡಲಾಗದು’ ಎಂಬರ್ಥದ ಮುದ್ರೆ ಬಿದ್ದಿತ್ತು. ದೇಶ ವಿಭಜನೆಯ ಬಳಿಕ 1948ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಪಾಕಿಸ್ತಾನದ ಸರ್ಕಾರದ ಹೆಸರನ್ನು ಮೇಲೆ ಅಚ್ಚು ಹಾಕಿ ಅಲ್ಲಿಗೆ ಒದಗಿಸಿದ ನೋಟುಗಳವು. ಇಲ್ಲಿಯ ಬ್ಯಾಂಕಿಗೆ ಬಂದಾಗ ಅವು ತಿರಸ್ಕೃತವಾದವು. ಹಾಲಿನವನೂ ಆಟೋದವನೂ ಒಲ್ಲೆನೆಂದ ನನ್ನ ಜೇಬಿನ ನೋಟು ಆಗ ನೆನಪಾಯಿತು.

ಮುಂದಿನ ವಾರ ಬಿಟಿಎಂ ನಿಲ್ದಾಣದಲ್ಲಿ ಹೊಸದಾಗಿ ಬಂದಿರುವ ಹಳದಿ ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದೆವು. ಮೊದಲ ಅಂಗಡಿಯವನು ನೋಟನ್ನು ಸರಿಯಾಗಿ ನೋಡದೆಯೇ ಇನ್ನೂರು ಎಂದ. ಎರಡನೆಯವನು ಒಂದೂವರೆ ಸಾವಿರ ಎಂದು, ಈಗಲೇ ಕೊಟ್ಟರೆ ಮಾತ್ರ ಎಂದು ಅವಸರಪಡಿಸಿದ. ಮೂರನೆಯ ಅಂಗಡಿಯಲ್ಲಿ ನನ್ನ ಪ್ರಾಯದವರೇ ಒಬ್ಬರಿದ್ದರು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಶಾಯಿಯನ್ನು ಕೆರೆದೋ ಔಷಧ ಹಚ್ಚಿಯೋ ಅಳಿಸಿ ತಪ್ಪನ್ನು ‘ಸೃಷ್ಟಿಸುವವರು’ ಇದ್ದಾರೆ, ಆದರೆ ಹೊರಚಾಚಿದ ಕಾಗದವನ್ನು ಯಾರೂ ಸೃಷ್ಟಿಸಲಾರರು, ಇದು ಸಾಚಾ ಎಂದರು.

“ಗರಿಗರಿಯಾಗಿ ಇದ್ದಿದ್ದರೆ ಇದರ ಎರಡರಷ್ಟು ಬರುತ್ತಿತ್ತು ಸ್ವಾಮಿ. ನಾಲ್ಕು ಮಡಿಕೆ ಬಿದ್ದುಬಿಟ್ಟಿದೆ. ಇಸ್ತ್ರಿ ಗಿಸ್ತ್ರಿ ಹಾಕಲಿಲ್ಲವಲ್ಲ, ಅದು ಒಳ್ಳೆಯದಾಯಿತು” ಎಂದಾಗ ಮೊಮ್ಮಗ ತಲೆ ತಗ್ಗಿಸಿದ. ಇಸ್ತ್ರಿಪೆಟ್ಟಿಗೆಯನ್ನು ಅವನು ಕಾಯಿಸಿಯೂ ಇಟ್ಟಿದ್ದ!

ಅವರು ಕೊಳ್ಳಲಿಲ್ಲ, ದಾರಿ ಹೇಳಿದರು. ನೋಟನ್ನು ಒರೆಸಬಾರದು, ತೊಳೆಯಬಾರದು, ಹೊರಚಾಚಿದ ತುದಿಯನ್ನು ಕತ್ತರಿಸಬಾರದು, ಅಂಟುಪಟ್ಟಿ ಹಚ್ಚಬಾರದು. ತೆಳುವಾದ ಪಾರದರ್ಶಕ ಲಕೋಟೆಯಲ್ಲಿ ಬಿಡಿಸಿ ಇಡಬೇಕು. ಹರಾಜಿಗೆ ಒಪ್ಪಿಸಿದರೆ ಬೆಲೆ ಹೆಚ್ಚಬಹುದು, ಆದರೆ ತಿಂಗಳುಗಟ್ಟಲೆ ಕಾಯಬೇಕು, ಹರಾಜು ಸಂಸ್ಥೆಗೆ ದಲ್ಲಾಳಿ ಕೊಡಬೇಕು. ಐವತ್ತರ ಒಂದು ನೋಟಿಗೆ ಅದು ಗಿಟ್ಟುವುದಿಲ್ಲ. ತಪ್ಪು ನೋಟುಗಳನ್ನೇ ಸಂಗ್ರಹಿಸುವ ಇಬ್ಬರಿಗೆ ಎರಡೂ ಬದಿಯ ಚಿತ್ರ ತೋರಿಸಿರಿ, ಒಬ್ಬರ ಮಾತಿಗೇ ಒಪ್ಪಬೇಡಿರಿ, ಹಣ ಕೈಗೆ ಬಂದ ಮೇಲೆಯೇ ನೋಟು ಕೊಡಿರಿ ಎಂದರು. ಇಷ್ಟು ಹೇಳಿದ್ದಕ್ಕೆ ಒಂದು ಲೋಟ ಚಹಾದ ಹಣವನ್ನೂ ಮುಟ್ಟಲಿಲ್ಲ.

ಹಾಗೆಯೇ ಮಾಡಿದೆ. ಒಬ್ಬರು ಮೂರು ಸಾವಿರ ಎಂದರು. ಇನ್ನೊಬ್ಬರು ಮೂರೂವರೆ ಎಂದರು. ಮೊದಲನೆಯವರಿಗೆ ಅದನ್ನು ಇದ್ದುದಿದ್ದಂತೆ ತಿಳಿಸಿದಾಗ 4,200ಕ್ಕೆ ಏರಿದರು. ಅಲ್ಲಿಗೆ ನಿಂತಿತು. ನಮ್ಮ ಮನೆಗೇ ಬಂದು, ಹಣ ಎಣಿಸಿಕೊಟ್ಟು, ನೋಟನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಐದು ಲಕ್ಷದ ಕನಸು ನಾಲ್ಕು ಸಾವಿರದ ಇನ್ನೂರಕ್ಕೆ ಇಳಿದಿತ್ತು. ಆದರೂ ಅದು ಐವತ್ತರ ಎಂಬತ್ತನಾಲ್ಕು ಪಟ್ಟು.

ಈಗ ಪ್ರಶ್ನೆ ಎದ್ದಿತು. ಈ ಹಣ ಯಾರದು? ಅಷ್ಟು ಹೊತ್ತಿಗೆ ಹೂವಿನ ಅಮ್ಮ ನನ್ನ ಲೆಕ್ಕದೊಳಗೆ ಬಂದಿದ್ದಳು. ಹೇಗೆ ಬಂದಳೆಂದರೆ, ದಿನವೂ ಬೆಳಿಗ್ಗೆ “ಮೇಷ್ಟ್ರೇ, ಬ್ಯಾಂಕಿನೋರು ತಗೊಂಡ್ರಾ? ಇಲ್ದಿದ್ರೆ ವಾಪಸ್ ಕೊಡಿ, ನಿಮಗ್ಯಾಕೆ ನಷ್ಟ” ಎಂದು ಕೇಳುತ್ತಿದ್ದಳು. ಆ ಮಾತು ಕೇಳಿ ಕೇಳಿ ನನಗೆ ಆ ತಿರುವನ್ನು ದಾಟುವುದೇ ಕಷ್ಟವಾಗಿತ್ತು. ನ್ಯಾಯವಾಗಿ ನೋಡಿದರೆ ನೋಟು ನನ್ನದೇ. ಐವತ್ತಕ್ಕೆ ಐವತ್ತೆಂದು ಆಕೆ ಕೊಟ್ಟಳು, ನಾನು ತೆಗೆದುಕೊಂಡೆ. ಆದರೆ ಬೆಲೆ ತಿಳಿಯದೆ ಕೊಟ್ಟವಳು ಆಕೆ. ಇದು ಬರಿಯ ಕಳ್ಳನೋಟಲ್ಲ ಎಂದು ಅರಿತೂ ಬಾಯಿ ಬಿಡದೆ ತೆಗೆದುಕೊಂಡವನು ನಾನು. ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದು ನನ್ನಾಕೆಗೆ ಹೇಳಿದೆ: “ಹಣವನ್ನು ಆಕೆಗೇ ಕೊಡೋಣ. ವಂಚಕನಿಗೆ ಕಟ್ಟಿದ 1,250ನ್ನು ಮಾತ್ರ ಹಿಡಿದುಕೊಳ್ಳೋಣ. ಅದೂ ಈ ನೋಟಿಗಾಗಿಯೇ ಆದ ಖರ್ಚಲ್ಲವೇ?”

ಆಕೆ ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ನೋಟು ಆಕೆಯದು, ದುರಾಸೆ ನಿಮ್ಮದು. ನಿಮ್ಮದರ ಖರ್ಚನ್ನು ಆಕೆಯ ಲೆಕ್ಕಕ್ಕೆ ಬರೆಯುತ್ತೀರಾ?”

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಎಷ್ಟು ಊರುಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದನಂತೆ. ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳಂತೆ. ವೇದಿಕೆಯ ಮೇಲೆ ಅದನ್ನು ಹೇಳುವಾಗ ನಾನು ಯಾವಾಗಲೂ ಲಕ್ಕಮ್ಮನ ಪಕ್ಷದಲ್ಲಿ ನಿಂತಿರುತ್ತಿದ್ದೆ. ಅಂದು ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮಾರಯ್ಯನ ಜಾಗದಲ್ಲಿ, ಅಕ್ಕಿಯ ಗಂಟು ಹೊತ್ತು ನಿಂತಿದ್ದೆ. ಮಾರಯ್ಯನಾದರೂ ಹೇಳಿದೊಡನೆ ಹಿಂದಿರುಗಿದ. ನಾನು ಇನ್ನೂ ಅರ್ಧ ಗಂಟೆ ವಾದ ಮಾಡಿದೆ.

ಮರುದಿನ ಬೆಳಿಗ್ಗೆ 4,200 ರೂಪಾಯಿಗಳನ್ನು ಲಕೋಟೆಯಲ್ಲಿಟ್ಟು ಹೂವಿನ ಅಮ್ಮನ ಮುಂದೆ ಹಿಡಿದೆ. ನಡೆದುದನ್ನೆಲ್ಲ ಹೇಳಿದೆ, ನಾನು ಮೋಸ ಹೋದುದನ್ನೂ ಸೇರಿಸಿ. ಆಕೆ ಮೊದಲು ನಂಬಲಿಲ್ಲ. ಆಮೇಲೆ ನಗುತ್ತಾಳೆಂದುಕೊಂಡೆ, ನಗಲಿಲ್ಲ. “ನಲವತ್ತು ವರ್ಷದಿಂದ ನೋಟು ಎಣಿಸ್ತಿದ್ದೀನಿ. ಇಂಥವು ಹಿಂದೆ ಎಷ್ಟು ಕೈಬಿಟ್ಟು ಹೋದವೋ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಹಣವನ್ನು ಎರಡು ಬಾರಿ ಎಣಿಸಿದಳು. ಮಗಳ ಮಗನ ಪರೀಕ್ಷೆಯ ಶುಲ್ಕ ಕಟ್ಟಲು ಅದೇ ವಾರ ಕೊನೆಯ ದಿನವಿತ್ತಂತೆ. ಕಿವಿಯ ಓಲೆಯನ್ನು ಗಿರವಿ ಇಡುವ ಯೋಚನೆಯಲ್ಲಿದ್ದಳಂತೆ. ಅಂದರೆ ನಾನು ಪದಕೋಶದ ಕಾಗದ, ರಟ್ಟುಗಳ ಲೆಕ್ಕ ಹಾಕುತ್ತಿದ್ದ ಆ ರಾತ್ರಿಗಳಲ್ಲಿಯೇ ಆಕೆ ಓಲೆಯ ತೂಕದ ಲೆಕ್ಕ ಹಾಕುತ್ತಿದ್ದಳು. ಅದನ್ನು ಕೇಳಿದಾಗ ನನ್ನಾಕೆ ಉಳಿಸಿದ್ದು 1,250 ರೂಪಾಯಿಯನ್ನಷ್ಟೇ ಅಲ್ಲ ಎನಿಸಿತು.

ಹೊರಡಲು ತಿರುಗಿದೆ. “ಮೇಷ್ಟ್ರೇ, ನಿಲ್ಲಿ” ಎಂದು ಕರೆದಳು. ಬುಟ್ಟಿಯ ಪಕ್ಕದ ಡಬ್ಬಿಯಿಂದ ಐವತ್ತರ ಒಂದು ಹೊಸ ನೋಟು ತೆಗೆದು ನನ್ನ ಕೈಗಿಟ್ಟಳು.

“ಇದ್ಯಾಕೆ ತಾಯಿ?”

“ಅವತ್ತು ನೀವು ನೂರು ಕೊಟ್ರಿ. ಹೂವು ಐವತ್ತು ರೂಪಾಯಿದು. ಆ ನೋಟು ನನ್ನದೇ ಅಂದ್ಮೇಲೆ ನಿಮ್ಮ ಚಿಲ್ಲರೆ ನನ್ನ ಹತ್ರಾನೇ ಉಳೀತಲ್ಲ.”

ನಾನೂ ನನ್ನಾಕೆಯೂ ಅಷ್ಟು ವಾದ ಮಾಡಿದೆವು, ಈ ಐವತ್ತು ಇಬ್ಬರಿಗೂ ಹೊಳೆದಿರಲಿಲ್ಲ. ಬೇಡವೆನ್ನಲು ಬಾಯಿ ತೆರೆದೆ. ಬೇಡವೆಂದರೆ ಆಕೆಯ ಲೆಕ್ಕವನ್ನು ಕೆಡಿಸಿದಂತಾಗುತ್ತದೆ ಎನಿಸಿ ತೆಗೆದುಕೊಂಡೆ. ನೋಟಿನ ನಾಲ್ಕು ಮೂಲೆಗಳೂ ಸರಿಯಾಗಿದ್ದವು. ಹಿಂದೆ ರಥ, ಹದಿನೈದು ಭಾಷೆ, ಎಲ್ಲವೂ ಇದ್ದಲ್ಲಿಯೇ ಇದ್ದವು. ಅಚ್ಚಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಓದುಗ ಬಂಧುಗಳೇ, ನಿಮ್ಮ ಕೈಗೂ ಎಂದಾದರೂ ಇಂಥ ನೋಟು ಬರಬಹುದು. ಅದನ್ನು ಮಡಚಬೇಡಿರಿ, ಕತ್ತರಿಸಬೇಡಿರಿ. ಮಾರುವವರಿಂದಲೇ ಮುಂಗಡ ಕೇಳುವವನನ್ನು ನಂಬಬೇಡಿರಿ. ಇಬ್ಬರು ಮೂವರಿಗೆ ತೋರಿಸಿ ನ್ಯಾಯವಾದ ಬೆಲೆ ಪಡೆಯಿರಿ. ಅದಕ್ಕೂ ಮೊದಲು, ಆ ನೋಟು ಯಾರ ಕೈಯಿಂದ ಬಂದಿತೆಂಬುದನ್ನು ಒಮ್ಮೆ ನೆನೆಯಿರಿ. ನನ್ನ ಪದಕೋಶ ಇನ್ನೂ ಬೀರುವಿನಲ್ಲಿಯೇ ಇದೆ. ಅದರಲ್ಲಿ ‘ಕಾಯಕ’ ಎಂಬ ಪದದ ಪುಟವನ್ನು ಮೊನ್ನೆ ತೆಗೆದು, ಮತ್ತೊಮ್ಮೆ ಕರಡು ತಿದ್ದಲು ಕುಳಿತಿದ್ದೇನೆ.